ಸಾಲು ತಪ್ಪಿದ ಹಲ್ಲುಗಳು

ಶಾಲೆಯಲ್ಲಿ ವರ್ಷದ ಕೊನೆಗೆ ತರಗತಿಯ ಭಾವಚಿತ್ರ ತೆಗೆಸುವ ದಿನ ಬರುತ್ತದೆ. ಎತ್ತರದವರು ಹಿಂದಿನ ಬೆಂಚಿನ ಮೇಲೆ ನಿಲ್ಲುತ್ತಾರೆ. ಉಪಾಧ್ಯಾಯರು ನಡುವಿನ ಕುರ್ಚಿಗಳಲ್ಲಿ ಕುಳಿತುಕೊಳ್ಳುತ್ತಾರೆ. ಛಾಯಾಗ್ರಾಹಕನು "ಸ್ವಲ್ಪ ನಗಿ" ಎಂದೊಡನೆ ಎಲ್ಲರ ಮುಖಗಳೂ ಅರಳುತ್ತವೆ. ಆದರೆ ಆ ಸಾಲಿನಲ್ಲಿ ಒಬ್ಬಿಬ್ಬರು ಮಾತ್ರ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ನಿಂತಿರುತ್ತಾರೆ. ಅವರಿಗೆ ನಗು ಬಾರದೆಂದಲ್ಲ; ನಕ್ಕರೆ ಹಲ್ಲು ಕಾಣುವುದೆಂಬ ಅಳುಕು. 'ಹಲ್ಲುಬ್ಬ' ಎಂದು ಯಾರೋ ಎಂದೋ ಕರೆದ ಮಾತು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿರುತ್ತದೆ.

ನಮ್ಮ ಕವಿಗಳು ಚೆಲುವಾದ ಹಲ್ಲುಗಳನ್ನು ದಾಳಿಂಬೆಯ ಬೀಜಗಳಿಗೂ ಮಲ್ಲಿಗೆಯ ಮೊಗ್ಗುಗಳಿಗೂ ಹೋಲಿಸಿದ್ದಾರೆ. ಆದರೆ ನಿಸರ್ಗವು ಎಲ್ಲರ ಬಾಯಲ್ಲಿಯೂ ಹಲ್ಲುಗಳನ್ನು ಮಾಲೆ ಕಟ್ಟಿದಂತೆ ಪೋಣಿಸಿಡುವುದಿಲ್ಲ. ಕೆಲವರಲ್ಲಿ ಒಂದು ಹಲ್ಲು ಮತ್ತೊಂದರ ಮೇಲೆ ಏರಿರುತ್ತದೆ. ಕೆಲವರಲ್ಲಿ ಮೇಲಿನ ಸಾಲು ಮುಂದಕ್ಕೆ ಚಾಚಿರುತ್ತದೆ. ಇನ್ನು ಕೆಲವರಲ್ಲಿ ಕೆಳದವಡೆಯೇ ಮುಂದಾಗಿರುತ್ತದೆ. ಇದು ಯಾರ ತಪ್ಪು? ಇದರಿಂದ ರೂಪಕ್ಕೆ ಮಾತ್ರ ಕುಂದೆ, ಆರೋಗ್ಯಕ್ಕೂ ಹಾನಿಯುಂಟೆ? ಈಗ ನಮ್ಮ ಊರುಗಳಲ್ಲಿಯೂ ಹಲ್ಲಿಗೆ ತಂತಿ ಕಟ್ಟಿಸಿಕೊಂಡ, ವಾಡಿಕೆಯ ಮಾತಿನಲ್ಲಿ ಹೇಳುವುದಾದರೆ 'ಕ್ಲಿಪ್ಪು ಹಾಕಿಸಿಕೊಂಡ', ಹುಡುಗ ಹುಡುಗಿಯರನ್ನು ಕಾಣುತ್ತೇವೆ. ಹುರಿಗಡಲೆಯನ್ನು ಪುಡಿಮಾಡಬಲ್ಲ ಗಟ್ಟಿ ಹಲ್ಲನ್ನು ನೂಲಿನಂಥ ತಂತಿಯೊಂದು ಸರಿಸುವುದಾದರೂ ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ತಿಳಿಯಬೇಕಾದರೆ ಹಲ್ಲು ಹುಟ್ಟುವ ಬಗೆಯಿಂದಲೇ ಆರಂಭಿಸಬೇಕು.

ಮಗುವಿಗೆ ಸುಮಾರು ಆರು ತಿಂಗಳಾದಾಗ ಮೊದಲ ಹಲ್ಲು ಮೂಡುತ್ತದೆ. ಎರಡೂವರೆ ಮೂರು ವರ್ಷ ತುಂಬುವಷ್ಟರಲ್ಲಿ ಇಪ್ಪತ್ತು ಹಾಲುಹಲ್ಲುಗಳು ಬಂದಿರುತ್ತವೆ. ಆರನೆಯ ವರ್ಷದ ಸುಮಾರಿಗೆ ಅವು ಒಂದೊಂದಾಗಿ ಬೀಳತೊಡಗುತ್ತವೆ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆದು, ಒಳ್ಳೆಯ ಹಲ್ಲು ಬರಲೆಂದು ಬೇಡಿಕೊಳ್ಳುವ ವಾಡಿಕೆ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹನ್ನೆರಡು ಹದಿಮೂರು ವರ್ಷದ ವೇಳೆಗೆ ಇಪ್ಪತ್ತೆಂಟು ಶಾಶ್ವತ ಹಲ್ಲುಗಳು ನೆಲೆಗೊಳ್ಳುತ್ತವೆ. ಉಳಿದ ನಾಲ್ಕು ಬುದ್ಧಿಹಲ್ಲುಗಳು ಬಹಳ ತಡವಾಗಿ ಬರುತ್ತವೆ. ಕೆಲವರಿಗೆ ಬಾರದೆಯೂ ಹೋಗಬಹುದು. ಹೀಗೆ ಬೆಳೆಯುತ್ತಿರುವ ದವಡೆಯಲ್ಲಿ ಹಳೆಯ ಹಲ್ಲುಗಳು ಬಿದ್ದು, ಹೊಸವು ತಮ್ಮ ತಮ್ಮ ಸ್ಥಾನವನ್ನು ಹುಡುಕಿಕೊಂಡು ಬರಲು ಆರೇಳು ವರ್ಷಗಳು ಹಿಡಿಯುತ್ತವೆ. ಇಷ್ಟು ದೀರ್ಘವಾದ ಕಾರ್ಯದಲ್ಲಿ ಎಲ್ಲಿಯಾದರೂ ಲೆಕ್ಕ ತಪ್ಪುವುದು ಅಚ್ಚರಿಯಲ್ಲ.

ಲೆಕ್ಕ ತಪ್ಪಲು ಕಾರಣಗಳು ಹಲವು. ದವಡೆಯ ಅಳತೆ, ಹಲ್ಲುಗಳ ಅಳತೆ ಇವೆರಡಕ್ಕೂ ವಂಶಪಾರಂಪರ್ಯದ ಪ್ರಭಾವವಿದೆ. ದವಡೆ ಚಿಕ್ಕದಾಗಿ ಹಲ್ಲುಗಳು ದೊಡ್ಡವಾದರೆ, ನಾಲ್ವರು ಕೂರುವ ಬೆಂಚಿನಲ್ಲಿ ಐವರು ಕುಳಿತಂತೆ ಇಕ್ಕಟ್ಟು ಉಂಟಾಗುತ್ತದೆ. ಮಗುವು ಹೆಬ್ಬೆರಳು ಚೀಪುವ ಅಭ್ಯಾಸವನ್ನು ಶಾಶ್ವತ ಹಲ್ಲುಗಳು ಬರುವ ಕಾಲದವರೆಗೂ ಬಿಡದಿದ್ದರೆ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಬಾಗುತ್ತವೆ. ಮೂಗು ಸದಾ ಕಟ್ಟಿಕೊಂಡು ಬಾಯಿಂದಲೇ ಉಸಿರಾಡುವ ಮಕ್ಕಳಲ್ಲಿಯೂ ದವಡೆಯ ಬೆಳವಣಿಗೆ ಏರುಪೇರಾಗಬಹುದು. ನಮ್ಮ ನಡುವೆ ಬಹು ಸಾಮಾನ್ಯವಾದ ಇನ್ನೊಂದು ಕಾರಣವೆಂದರೆ ಹಾಲುಹಲ್ಲುಗಳ ಬಗೆಗಿನ ಅಲಕ್ಷ್ಯ. 'ಹೇಗಿದ್ದರೂ ಬೀಳುವ ಹಲ್ಲು ತಾನೆ!' ಎಂದು ಹಿರಿಯರು ಅದರ ಹುಳುಕನ್ನು ಗಮನಿಸುವುದಿಲ್ಲ. ಆದರೆ ಹಾಲುಹಲ್ಲು ಅಗಿಯುವುದಕ್ಕಷ್ಟೇ ಇರುವುದಲ್ಲ; ತನ್ನ ಕೆಳಗೆ ಬೆಳೆಯುತ್ತಿರುವ ಹಲ್ಲಿಗಾಗಿ ಸ್ಥಳವನ್ನು ಕಾಯ್ದಿರಿಸುವ ಕೆಲಸವೂ ಅದರದೇ. ಅದು ಅವಧಿಗೆ ಮೊದಲೇ ಹೋದರೆ ಹಿಂದಿನ ಹಲ್ಲು ತೆರವಾದ ಜಾಗದತ್ತ ವಾಲುತ್ತದೆ. ಮುಂದೆ ಬರಬೇಕಾದ ಹಲ್ಲಿಗೆ ಎಡೆಯಿಲ್ಲದಂತಾಗಿ ಅದು ಸಾಲಿನಿಂದ ಹೊರಗೆ ಚಿಗುರುತ್ತದೆ. ಇವುಗಳಲ್ಲಿ ಯಾವುದೊಂದೂ ಮಗುವು ಬೇಕೆಂದು ತಂದುಕೊಂಡ ದೋಷವಲ್ಲವೆಂಬುದನ್ನು ನೆನಪಿಡಬೇಕು.

ಹಲ್ಲು ಸ್ವಲ್ಪ ಓರೆಯಾದ ಮಾತ್ರಕ್ಕೆ ಅದನ್ನು ರೋಗವೆನ್ನಲಾಗದು. ಅಂಥ ಹಲ್ಲುಗಳಿಂದಲೇ ಜೀವಮಾನವಿಡೀ ಚೆನ್ನಾಗಿ ಉಂಡು ಬಾಳಿದವರು ಅಸಂಖ್ಯ. ಆದರೆ ವಕ್ರತೆ ಹೆಚ್ಚಾದಾಗ ಕೆಲವು ತೊಂದರೆಗಳು ತಲೆದೋರುತ್ತವೆ. ಒಂದರ ಮೇಲೊಂದು ಏರಿದ ಹಲ್ಲುಗಳ ಸಂದಿಯನ್ನು ಶುಚಿಮಾಡುವುದು ಕಷ್ಟ. ಬಹಳ ಮುಂಚಾಚಿದ ಬಾಚಿಹಲ್ಲುಗಳು, ಆಟದಲ್ಲಿ ಮುಗ್ಗರಿಸಿ ಬಿದ್ದಾಗ ಉಳಿದ ಹಲ್ಲುಗಳಿಗಿಂತ ಮೊದಲೇ ಮುರಿಯುತ್ತವೆ. ಕೆಲವರಲ್ಲಿ ಕೆಳಗಿನ ಹಲ್ಲುಗಳು ಮೇಲಂಗುಳಿಗೆ ತಾಗಿ ಗಾಯವಾಗುವುದುಂಟು. ಮತ್ತೆ ಕೆಲವರಿಗೆ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟದೆ, ರೊಟ್ಟಿಯನ್ನು ಕಚ್ಚಿ ತುಂಡರಿಸುವುದೇ ಅಸಾಧ್ಯವಾಗುತ್ತದೆ. ಇವೆಲ್ಲಕ್ಕಿಂತ ಕಡಿಮೆಯಲ್ಲದ ತೊಂದರೆಯೆಂದರೆ ಮೊದಲೇ ಹೇಳಿದ ಅಳುಕು. ತರಗತಿಯಲ್ಲಿ ಉತ್ತರ ತಿಳಿದಿದ್ದರೂ ಎದ್ದು ನಿಂತು ಬಾಯಿ ತೆರೆಯಲು ಹಿಂಜರಿಯುವ ಮಗುವಿನ ನಷ್ಟವನ್ನು ಯಾವ ಅಳತೆಗೋಲಿನಿಂದ ಅಳೆಯೋಣ?

ಓರೆಯಾದ ಹಲ್ಲನ್ನು ನೇರವಾಗಿಸುವ ಆಸೆ ಬಹಳ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸೆಲ್ಸಸ್ ಎಂಬ ಗ್ರಂಥಕರ್ತನು ಒಂದು ಸರಳೋಪಾಯವನ್ನು ಸೂಚಿಸಿದ್ದಾನೆ. ಹಾಲುಹಲ್ಲು ಬೀಳುವ ಮೊದಲೇ ಪಕ್ಕದಲ್ಲಿ ಹೊಸ ಹಲ್ಲು ಮೂಡಿದರೆ ಹಳೆಯದನ್ನು ಕಿತ್ತು, ಹೊಸದನ್ನು ಅದರ ಸ್ಥಾನದ ಕಡೆಗೆ ಪ್ರತಿದಿನವೂ ಬೆರಳಿನಿಂದ ಒತ್ತಬೇಕೆಂದು ಅವನ ಸಲಹೆ. 1728ರಲ್ಲಿ ಫ್ರಾನ್ಸ್ ದೇಶದ ಪಿಯರ್ ಫೋಶಾರ್ ಎಂಬ ದಂತವೈದ್ಯನು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು. ರಂಧ್ರಗಳುಳ್ಳ ಬಾಗಿದ ಲೋಹದ ಪಟ್ಟಿಯೊಂದಕ್ಕೆ ಓರೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸಾಲಿಗೆ ತರುವ ವಿಧಾನವನ್ನು ಆತನು ಅದರಲ್ಲಿ ವಿವರಿಸಿದನು. ಇಕ್ಕಳದಿಂದ ಹಲ್ಲನ್ನು ಬಲವಂತವಾಗಿ ಸರಿಸಿ ಕಟ್ಟುವ ಕ್ರಮವೂ ಆಗ ಬಳಕೆಯಲ್ಲಿತ್ತು. ಹೀಗೆ ಹಲ್ಲು ಸರಿಯುವುದೆಂಬುದು ಗೊತ್ತಿತ್ತೇ ಹೊರತು ಏಕೆ ಸರಿಯುತ್ತದೆಂಬುದು ಗೊತ್ತಿರಲಿಲ್ಲ.

ಹಲ್ಲೆಂದರೆ ಗೋಡೆಗೆ ಹೊಡೆದ ಗೂಟದಂತೆ ಎಲುಬಿನಲ್ಲಿ ನಾಟಿಕೊಂಡಿದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಹಲ್ಲಿನ ಬೇರು ಎಲುಬಿಗೆ ಅಂಟಿಕೊಂಡೇ ಇಲ್ಲ. ಬೇರಿಗೂ ಎಲುಬಿನ ಗೂಡಿಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆರವಿದೆ. ಆ ತೆರವನ್ನು ಅಸಂಖ್ಯಾತ ಸೂಕ್ಷ್ಮವಾದ ನಾರುಗಳೂ ರಕ್ತನಾಳಗಳೂ ನರಗಳೂ ತುಂಬಿಕೊಂಡಿವೆ. ಹಗ್ಗಗಳಿಂದ ಬಿಗಿದ ತೊಟ್ಟಿಲಿನಂತೆ ಹಲ್ಲು ಈ ನಾರುಪದರದಲ್ಲಿ ತೂಗಿಕೊಂಡಿದೆ. ಅನ್ನದಲ್ಲಿ ಸಣ್ಣ ಹರಳೊಂದು ಸಿಕ್ಕಿದರೂ ನಮಗೆ ತಕ್ಷಣವೇ ತಿಳಿಯುವುದು, ಗಟ್ಟಿಯಾದುದನ್ನು ಕಡಿದಾಗ ಹಲ್ಲು ಬಿರುಕು ಬಿಡದೆ ಉಳಿಯುವುದು, ಇವೆರಡಕ್ಕೂ ಈ ಪದರವೇ ನೆರವಾಗುತ್ತದೆ.

ಎಲುಬಾದರೂ ಕಲ್ಲಿನಂತೆ ಜಡವಸ್ತುವಲ್ಲ. ಅದರಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳೂ ಹೊಸದಾಗಿ ಕಟ್ಟುವ ಜೀವಕೋಶಗಳೂ ಜೀವಮಾನವಿಡೀ ದುಡಿಯುತ್ತಿರುತ್ತವೆ. ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲನೆ ಒತ್ತಿ ಆ ಒತ್ತಡವನ್ನು ಬಿಡದೆ ಇರಿಸಿದರೆ, ಮುಂದಿನ ಬದಿಯಲ್ಲಿ ನಾರುಪದರವು ಅಮುಕಿಕೊಳ್ಳುತ್ತದೆ. ಹಿಂದಿನ ಬದಿಯಲ್ಲಿ ಹಿಗ್ಗಿಕೊಳ್ಳುತ್ತದೆ. ಅಮುಕಿದ ಕಡೆ ಕರಗಿಸುವ ಕೋಶಗಳು ಸೇರಿ ಎಲುಬನ್ನು ಸವೆಸುತ್ತವೆ. ಹಿಗ್ಗಿದ ಕಡೆ ಕಟ್ಟುವ ಕೋಶಗಳು ಹೊಸ ಎಲುಬನ್ನು ತುಂಬುತ್ತವೆ. ಮುಂದೆ ಒಂದು ಗುಂಪಿನ ಕೂಲಿಗಳು ಮಣ್ಣು ಅಗೆಯುತ್ತ, ಹಿಂದೆ ಇನ್ನೊಂದು ಗುಂಪಿನವರು ಹಳ್ಳವನ್ನು ಮುಚ್ಚುತ್ತ ಸಾಗಿದಂತೆ ಹಲ್ಲಿನ ಗೂಡೇ ಹಲ್ಲಿನೊಡನೆ ಸರಿಯುತ್ತದೆ. ತಂತಿಯು ದಿಕ್ಕನ್ನು ತೋರುತ್ತದೆ, ಅಷ್ಟೆ. ದಾರಿ ಮಾಡಿಕೊಡುವುದು ದೇಹವೇ. ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಟ್ ಎಂಬ ಸಂಶೋಧಕನು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಸೂಕ್ಷ್ಮದರ್ಶಕದಡಿಯಲ್ಲಿ ಈ ಬದಲಾವಣೆಗಳನ್ನು ಪರೀಕ್ಷಿಸಿ 1904ರಲ್ಲಿ ವರದಿ ಮಾಡಿದನು.

ಹಾಗಾದರೆ ಹೆಚ್ಚು ಬಲವನ್ನು ಹಾಕಿ ಕೆಲಸವನ್ನು ಬೇಗ ಮುಗಿಸಬಾರದೆ? ಇಲ್ಲಿಯೇ ವಿಷಯದ ಮರ್ಮವಿರುವುದು. ಬಲ ಹೆಚ್ಚಾದರೆ ನಾರುಪದರದ ರಕ್ತನಾಳಗಳು ಜಜ್ಜಿದಂತಾಗಿ ರಕ್ತಸಂಚಾರ ನಿಲ್ಲುತ್ತದೆ. ರಕ್ತವಿಲ್ಲದ ಕಡೆ ಕೋಶಗಳು ಕೆಲಸ ಮಾಡಲಾರವು. ಆಗ ಹಲ್ಲು ಬೇಗ ಸರಿಯುವುದಕ್ಕೆ ಬದಲಾಗಿ ಇದ್ದಲ್ಲಿಯೇ ನಿಂತುಬಿಡುತ್ತದೆ. ಬೇರಿನ ತುದಿಯೇ ಕರಗಿ ಮೊಟಕಾಗುವ ಅಪಾಯವೂ ಉಂಟು. 1932ರಲ್ಲಿ ಆಸ್ಟ್ರಿಯದ ಶ್ವಾರ್ಟ್ಸ್ ಎಂಬ ವೈದ್ಯನು ಹಲ್ಲಿನ ಮೇಲಿನ ಒತ್ತಡವು ಲೋಮನಾಳಗಳಲ್ಲಿರುವ ರಕ್ತದ ಒತ್ತಡವನ್ನು ಮೀರಬಾರದೆಂದು ಹೇಳಿದನು. ಅದರ ಪ್ರಮಾಣವು ಒಂದು ಚದರ ಸೆಂಟಿಮೀಟರಿಗೆ ಕೇವಲ 20ರಿಂದ 26 ಗ್ರಾಂ ಎಂದು ಅವನ ಲೆಕ್ಕ. ಇದೆಷ್ಟು ಅಲ್ಪವಾದ ಬಲ! ಹಲ್ಲು ಸರಿಯುವ ವೇಗವೂ ಅಷ್ಟೇ ಅಲ್ಪ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರು. ಇಕ್ಕಳದ ಬಲಕ್ಕೆ ಸಾಧ್ಯವಾಗದ್ದು ಬೆರಳಿನ ಮೆಲುವಾದ ಒತ್ತಿಗೆ ಸಾಧ್ಯ. ಕಾರಣವನ್ನರಿಯದಿದ್ದರೂ ಸೆಲ್ಸಸನು ಹಿಡಿದ ಹಾದಿ ಸರಿಯಾಗಿಯೇ ಇತ್ತು.

ದಂತವಕ್ರತೆಯ ಚಿಕಿತ್ಸೆಗೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಅಮೆರಿಕದ ಎಡ್ವರ್ಡ್ ಆಂಗಲ್ ಪ್ರಮುಖನು. 1899ರಲ್ಲಿ ಅವನು ವಕ್ರತೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಮೇಲಿನ ಮತ್ತು ಕೆಳಗಿನ ಮೊದಲ ಹಿಂದವಡೆ ಹಲ್ಲುಗಳ ಹೊಂದಾಣಿಕೆ ಸರಿಯಾಗಿದ್ದು ಉಳಿದವು ಮಾತ್ರ ಸಾಲು ತಪ್ಪಿರುವುದು ಒಂದು. ಕೆಳಗಿನ ಹಲ್ಲು ಹಿಂದೆ ಸರಿದಿರುವುದು ಎರಡು. ಕೆಳಗಿನದು ಮುಂದೆ ಬಂದಿರುವುದು ಮೂರು. ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಪ್ರತಿಯೊಂದು ಹಲ್ಲಿಗೂ ಸಣ್ಣ ಕೊಂಡಿಯನ್ನು ಜೋಡಿಸಿ, ಅದರ ಗಾಡಿಯಲ್ಲಿ ಆಯತಾಕಾರದ ತಂತಿಯನ್ನು ಕೂರಿಸುವ ಕ್ರಮವನ್ನು 1928ರಲ್ಲಿ ಆಂಗಲನೇ ಪ್ರಕಟಿಸಿದನು. ಇದರಿಂದ ಹಲ್ಲಿನ ತಲೆಯನ್ನಷ್ಟೇ ಅಲ್ಲದೆ ಬೇರನ್ನೂ ಬೇಕಾದ ದಿಕ್ಕಿಗೆ ತಿರುಗಿಸುವುದು ಸಾಧ್ಯವಾಯಿತು.

ಆಂಗಲನದು ಒಂದು ದೃಢವಾದ ನಂಬಿಕೆ. ಎಲ್ಲರ ದವಡೆಯಲ್ಲಿಯೂ ಎಲ್ಲ ಹಲ್ಲುಗಳಿಗೂ ಸ್ಥಳವನ್ನು ಕಲ್ಪಿಸಬಹುದು, ಯಾವ ಹಲ್ಲನ್ನೂ ಕೀಳಬಾರದು ಎಂದು ಅವನು ಬೋಧಿಸುತ್ತಿದ್ದನು. ಆಸ್ಟ್ರೇಲಿಯದಿಂದ ಬಂದು ಅವನಲ್ಲಿ ಕಲಿತು ಹೋದ ರೇಮಂಡ್ ಬೆಗ್ ಎಂಬ ಶಿಷ್ಯನು ಗುರುವಿನ ಮಾತಿನಂತೆಯೇ ಚಿಕಿತ್ಸೆಯನ್ನು ಆರಂಭಿಸಿದನು. ಆದರೆ ಇಕ್ಕಟ್ಟಾದ ದವಡೆಗಳಲ್ಲಿ ನೇರವಾಗಿಸಿದ ಹಲ್ಲುಗಳು ಮತ್ತೆ ಓರೆಯಾಗುವುದನ್ನು ಅವನು ಕಂಡನು. ಅನುಭವವು ಒಂದನ್ನು ಹೇಳುತ್ತಿರುವಾಗ ನಂಬಿಕೆಗೆ ಅಂಟಿಕೊಳ್ಳುವುದು ಸರಿಯಲ್ಲವೆಂದು ಬಗೆದು, ಅವಶ್ಯವಿದ್ದವರಲ್ಲಿ ಕೆಲವು ಮುಂದವಡೆ ಹಲ್ಲುಗಳನ್ನು ತೆಗೆದು ಸ್ಥಳ ಮಾಡಿಕೊಳ್ಳತೊಡಗಿದನು. ಹಗುರವಾದ ಬಲವನ್ನು ಬಹುಕಾಲ ಕೊಡಬಲ್ಲ ತೆಳುವಾದ ಉಕ್ಕಿನ ತಂತಿಯನ್ನು ವಿಲ್ಕಾಕ್ ಎಂಬ ಲೋಹತಜ್ಞನ ನೆರವಿನಿಂದ ರೂಪಿಸಿದನು. ಇಂದು ಹಲ್ಲು ಕೀಳಬೇಕೇ ಬೇಡವೇ ಎಂಬುದನ್ನು ಒಬ್ಬೊಬ್ಬರ ದವಡೆಯನ್ನೂ ಅಳೆದು ನಿರ್ಧರಿಸುತ್ತಾರೆ.

ಮುಂದಿನ ಎರಡು ಸುಧಾರಣೆಗಳು ರೋಗಿಗಳ ಕಷ್ಟವನ್ನು ಬಹುವಾಗಿ ಕಡಿಮೆ ಮಾಡಿದವು. ಹಿಂದೆ ಪ್ರತಿ ಹಲ್ಲಿಗೂ ಲೋಹದ ಬಳೆಯನ್ನು ತೊಡಿಸಿ ಅದಕ್ಕೆ ಕೊಂಡಿಯನ್ನು ಬೆಸೆಯಬೇಕಾಗಿತ್ತು. ಎನಾಮೆಲಿನ ಮೇಲ್ಮೈಯನ್ನು ಆಮ್ಲದಿಂದ ತುಸು ಒರಟುಗೊಳಿಸಿದರೆ ರಾಳವು ಅದಕ್ಕೆ ಭದ್ರವಾಗಿ ಅಂಟುವುದೆಂದು 1955ರಲ್ಲಿ ಅಮೆರಿಕದ ಬ್ಯೂನೊಕೋರ್ ತೋರಿಸಿಕೊಟ್ಟನು. ಅಲ್ಲಿಂದ ಮುಂದೆ ಕೊಂಡಿಗಳನ್ನು ನೇರವಾಗಿ ಹಲ್ಲಿನ ಮೇಲೆ ಅಂಟಿಸುವುದು ಸಾಧ್ಯವಾಯಿತು. ಎರಡನೆಯದು ತಂತಿಗೆ ಸಂಬಂಧಿಸಿದ್ದು. ಕ್ಷಿಪಣಿಗಳ ಮೂತಿಗೆ ತಕ್ಕ ಲೋಹವನ್ನು ಹುಡುಕುತ್ತಿದ್ದ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬ ವಿಜ್ಞಾನಿಗೆ ನಿಕಲ್ ಮತ್ತು ಟೈಟೇನಿಯಂಗಳ ಮಿಶ್ರಲೋಹವೊಂದರ ಅದ್ಭುತ ಗುಣವು ಕಂಡುಬಂದಿತು. ಎಷ್ಟು ಬಾಗಿಸಿದರೂ ಅದು ತನ್ನ ಮೂಲ ಆಕಾರಕ್ಕೆ ಮರಳುತ್ತಿತ್ತು. 1970ರ ದಶಕದ ಆರಂಭದಲ್ಲಿ ಜಾರ್ಜ್ ಆಂಡ್ರಿಯಾಸನ್ ಎಂಬ ದಂತವೈದ್ಯನು ಆ ತಂತಿಯನ್ನು ಹಲ್ಲಿನ ಚಿಕಿತ್ಸೆಗೆ ತಂದನು. ಓರೆ ಹಲ್ಲುಗಳಿಗೆ ಅದನ್ನು ಬಾಗಿಸಿ ಕಟ್ಟಿದರೆ, ತಾನು ನೇರವಾಗುತ್ತ ಹಲ್ಲುಗಳನ್ನೂ ಮೆಲ್ಲಮೆಲ್ಲನೆ ಸಾಲಿಗೆ ಎಳೆಯುತ್ತದೆ. ಕ್ಷಿಪಣಿಗೆಂದು ಹುಡುಕಿದ ಲೋಹವು ಮಕ್ಕಳ ನಗೆಗೆ ನೆರವಾದುದು ವಿಜ್ಞಾನದ ಇತಿಹಾಸದಲ್ಲಿ ಹಿತವಾದ ಒಂದು ಪ್ರಸಂಗ. 1990ರ ದಶಕದ ಕೊನೆಯಿಂದ, ಕೆಲವು ಬಗೆಯ ವಕ್ರತೆಗಳಿಗೆ ತೆಗೆದು ಹಾಕಬಹುದಾದ ಪಾರದರ್ಶಕ ಅಚ್ಚುಗಳೂ ಬಳಕೆಗೆ ಬಂದಿವೆ.

ಇನ್ನು ಚಿಕಿತ್ಸೆ ನಡೆಯುವ ಬಗೆಯನ್ನು ನೋಡೋಣ. ದಂತವೈದ್ಯರು ಮೊದಲು ಹಲ್ಲುಗಳ ಪಡಿಯಚ್ಚನ್ನೂ ಕ್ಷಕಿರಣದ ಚಿತ್ರಗಳನ್ನೂ ತೆಗೆದು ಅಧ್ಯಯನ ಮಾಡುತ್ತಾರೆ. ಹುಳುಕಿದ್ದರೆ ತುಂಬಿಸಿ, ಒಸಡುಗಳನ್ನು ಶುಚಿಗೊಳಿಸುತ್ತಾರೆ. ಬಳಿಕ ಕೊಂಡಿಗಳನ್ನು ಅಂಟಿಸಿ ತಂತಿಯನ್ನು ಕೂರಿಸುತ್ತಾರೆ. ಮೊದಲ ಮೂರು ನಾಲ್ಕು ದಿನ ಹಲ್ಲುಗಳು ನೋಯುತ್ತವೆ. ಗಂಜಿ, ಮೆತ್ತಗಿನ ಅನ್ನ ಹಿತವೆನಿಸುತ್ತದೆ. ಆಮೇಲೆ ನೋವು ಇಳಿಯುತ್ತದೆ. ನಾಲ್ಕರಿಂದ ಎಂಟು ವಾರಗಳಿಗೊಮ್ಮೆ ಹೋಗಿ ತಂತಿಯನ್ನು ಸರಿಪಡಿಸಿಕೊಳ್ಳಬೇಕು. ಇಡೀ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಗಳಾಗುತ್ತವೆ.

ಈ ಅವಧಿಯಲ್ಲಿ ಅರ್ಧ ಕೆಲಸ ವೈದ್ಯರದಾದರೆ ಉಳಿದರ್ಧ ಚಿಕಿತ್ಸೆ ಪಡೆಯುವವರದು. ಕೊಂಡಿಗಳ ಸುತ್ತ ಆಹಾರದ ಕಣಗಳು ಸುಲಭವಾಗಿ ಸಿಕ್ಕಿಕೊಳ್ಳುತ್ತವೆ. ಸರಿಯಾಗಿ ಉಜ್ಜದಿದ್ದರೆ, ಕೊಂಡಿಯನ್ನು ತೆಗೆದ ದಿನ ನೇರವಾದ ಹಲ್ಲಿನ ಮೇಲೆ ಮಾಸದ ಬಿಳಿಯ ಕಲೆಗಳನ್ನು ಕಾಣಬೇಕಾಗುತ್ತದೆ. ಆದುದರಿಂದ ಪ್ರತಿ ಊಟದ ಬಳಿಕವೂ ಹಲ್ಲುಜ್ಜುವುದು ಒಳ್ಳೆಯದು. ಅಂಟಾದ ಮಿಠಾಯಿ, ಕಬ್ಬು, ಚಕ್ಕುಲಿ, ಹುರಿಗಡಲೆಗಳಿಂದ ದೂರವಿರಬೇಕು. ಕಡಲೆಯಿದ್ದರೆ ಹಲ್ಲಿಲ್ಲ, ಹಲ್ಲಿದ್ದರೆ ಕಡಲೆಯಿಲ್ಲ ಎಂಬ ಗಾದೆ ಇವರಿಗೆ ಎರಡು ವರ್ಷಗಳ ಮಟ್ಟಿಗೆ ಹೊಸ ಅರ್ಥದಲ್ಲಿ ನಿಜವಾಗುತ್ತದೆ. ಹಲ್ಲೂ ಇದೆ, ಕಡಲೆಯೂ ಇದೆ, ತಿನ್ನುವಂತಿಲ್ಲ!

ತಂತಿಯನ್ನು ಬಿಚ್ಚಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವವರು ಬಹುಮಂದಿ. ಅದು ತಪ್ಪು. ಹೊಸ ಎಲುಬು ಗಟ್ಟಿಯಾಗಲು ಕಾಲ ಬೇಕು. ಒಸಡಿನ ನಾರುಗಳು, ತಿರುಚಿದ ಹಗ್ಗವು ಬಿಚ್ಚಿಕೊಳ್ಳುವಂತೆ, ಹಲ್ಲನ್ನು ಹಳೆಯ ನೆಲೆಗೆ ಎಳೆಯುತ್ತಲೇ ಇರುತ್ತವೆ. ಆದುದರಿಂದ ಹಲ್ಲುಗಳನ್ನು ಹೊಸ ಸ್ಥಾನದಲ್ಲಿ ಹಿಡಿದಿಡುವ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ, ಹಲವೊಮ್ಮೆ ವರ್ಷಗಟ್ಟಲೆ, ಧರಿಸಬೇಕಾಗುತ್ತದೆ. ಗಳಿಸುವುದಕ್ಕಿಂತ ಗಳಿಸಿದ್ದನ್ನು ಉಳಿಸಿಕೊಳ್ಳುವುದು ಕಷ್ಟವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆಯೊಂದಿದೆ. ಹಲ್ಲಿನ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ದವಡೆಯ ಬೆಳವಣಿಗೆಯನ್ನು ತಿದ್ದಬೇಕಾದರೆ ಬೆಳೆಯುವ ವಯಸ್ಸಿನಲ್ಲಿಯೇ ತಿದ್ದಬೇಕು. ಬೆಳವಣಿಗೆ ನಿಂತ ಮೇಲೆ ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಆದರೆ ಹಲ್ಲುಗಳನ್ನು, ಒಸಡು ಆರೋಗ್ಯವಾಗಿದ್ದರೆ, ಯಾವ ವಯಸ್ಸಿನಲ್ಲಿಯೂ ಸರಿಸಬಹುದು. ಎಲುಬು ಬದುಕಿರುವವರೆಗೂ ಕಲಿಯುತ್ತಲೇ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಏಳೆಂಟು ವರ್ಷದ ಮಕ್ಕಳಲ್ಲಿ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದಿಯಿರುವುದು ಬಹುಮಟ್ಟಿಗೆ ಸಹಜ. ಹನ್ನೊಂದು ಹನ್ನೆರಡನೆಯ ವರ್ಷದಲ್ಲಿ ಕೋರೆಹಲ್ಲುಗಳು ಇಳಿದು ಬಂದಾಗ ಆ ಸಂದಿ ಹೆಚ್ಚಿನವರಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇದನ್ನರಿಯದೆ ಕೆಲವರು ಎರಡು ಹಲ್ಲುಗಳನ್ನು ಸೇರಿಸಿ ರಬ್ಬರಿನ ಉಂಗುರವನ್ನು ಹಾಕಿಬಿಡುತ್ತಾರೆ. ಹಲ್ಲಿನ ಬೇರು ತುದಿಯತ್ತ ಸಣ್ಣದಾಗುತ್ತ ಹೋಗುವುದರಿಂದ, ಉಂಗುರವು ಜಾರಿ ಒಸಡಿನೊಳಗೆ ಮರೆಯಾಗುತ್ತದೆ. ಬಿದ್ದುಹೋಯಿತೆಂದು ಎಲ್ಲರೂ ತಿಳಿಯುತ್ತಾರೆ. ಅದಾದರೋ ಒಳಗೊಳಗೇ ಬೇರಿನುದ್ದಕ್ಕೂ ಏರುತ್ತ ಎಲುಬನ್ನು ನಾಶಮಾಡುತ್ತದೆ. ಕೊನೆಗೆ ಏನೂ ರೋಗವಿಲ್ಲದಿದ್ದ ಎರಡು ಹಲ್ಲುಗಳೂ ಸಡಿಲಗೊಂಡು ಉದುರುತ್ತವೆ. ಇಂಥ ದುರಂತಗಳು ದಂತವೈದ್ಯರ ಗಮನಕ್ಕೆ ಮತ್ತೆ ಮತ್ತೆ ಬಂದಿವೆ. ಕಾಸಿನ ಬೆಲೆಯ ರಬ್ಬರು ಕೂಡ ಹಲ್ಲನ್ನು ಸರಿಸಬಲ್ಲದು. ಆದರೆ ಎತ್ತ, ಎಷ್ಟು ಎಂಬುದನ್ನು ಬಲ್ಲವರು ಶಾಸ್ತ್ರವನ್ನು ಓದಿದವರು ಮಾತ್ರ.

ನಮ್ಮ ದೇಶದಲ್ಲಿ ಡಾ. ರಫಿಉದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾಯಿತು. ಇಂದು ರಾಜ್ಯದ ಅನೇಕ ನಗರಗಳಲ್ಲಿ ಇಂಥ ಕಾಲೇಜುಗಳಿವೆ. ತಂತಿಯ ಚಿಕಿತ್ಸೆಗೆ ಹಣವೂ ಕಾಲವೂ ವೆಚ್ಚವಾಗುವುದು ನಿಜ. ಆದರೆ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹೊರಗಿಗಿಂತ ಕಡಿಮೆ ವೆಚ್ಚದಲ್ಲಿ ಅದನ್ನು ಪಡೆಯಬಹುದು. ಯಾರಿಗೆ ಚಿಕಿತ್ಸೆ ಅವಶ್ಯ, ಯಾರಿಗೆ ಅನವಶ್ಯ ಎಂಬುದನ್ನು ತಿಳಿಯುವುದಕ್ಕಾದರೂ ಒಮ್ಮೆ ತೋರಿಸಿಕೊಳ್ಳುವುದು ಲೇಸು.

ಆದರೆ ತಂತಿ ಕಟ್ಟಿಸಿಕೊಳ್ಳಲು ಎಲ್ಲರಿಗೂ ಅನುಕೂಲವಿರುವುದಿಲ್ಲ. ಎಲ್ಲರಿಗೂ ಅದು ಬೇಕಾಗಿಯೂ ಇಲ್ಲ. ಓರೆ ಹಲ್ಲಿನ ನಗೆಯೂ ನಗೆಯೇ. ಹಲ್ಲನ್ನು ತಿದ್ದಲು ವೈದ್ಯನು ಬೇಕು, ವರ್ಷಗಳು ಬೇಕು. 'ಹಲ್ಲುಬ್ಬ' ಎಂದು ಕರೆಯುವ ನಾಲಗೆಯನ್ನು ತಿದ್ದಿಕೊಳ್ಳಲು ಯಾವ ತಂತಿಯೂ ಬೇಡ, ಇಂದೇ ಸಾಧ್ಯ. ಹಾಗಾದಲ್ಲಿ ಮುಂದಿನ ಭಾವಚಿತ್ರದಲ್ಲಿ ಹಿಂದಿನ ಸಾಲಿನ ಆ ತುಟಿಗಳೂ ಅಂಜದೆ ಅರಳಿಯಾವು.

ಪ್ರಶ್ನೆಗಳು

1. ಹಾಲುಹಲ್ಲುಗಳನ್ನು ಅಲಕ್ಷಿಸಿದರೆ ಶಾಶ್ವತ ಹಲ್ಲುಗಳಿಗೆ ಯಾವ ತೊಂದರೆಯಾಗುತ್ತದೆ?
2. ಎಲುಬಿನಲ್ಲಿ ನೆಲೆಗೊಂಡ ಹಲ್ಲು ಸರಿಯುವುದು ಹೇಗೆ? ವಿವರಿಸಿ.
3. ಹೆಚ್ಚು ಬಲವನ್ನು ಹಾಕಿ ಹಲ್ಲನ್ನು ಬೇಗ ಸರಿಸಲು ಏಕೆ ಸಾಧ್ಯವಿಲ್ಲ?
4. ರೇಮಂಡ್ ಬೆಗ್ ತನ್ನ ಗುರುವಿನ ಮತವನ್ನು ಬಿಡಲು ಕಾರಣವೇನು?
5. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆ ಹಲ್ಲಿನ ವಿಷಯದಲ್ಲಿ ಎಷ್ಟರಮಟ್ಟಿಗೆ ನಿಜ?